ಕೆರೆ ಏರಿ ಮೇಲೆ ಐದು ದಿನ

ಶ್ರೀಲಂಕಾ ಅಂದ ಕೂಡಲೇ ನಮ್ಮೂರುಗಳಲ್ಲಿ ಮೊದಲು ನೆನಪಾಗುವುದು ರಾವಣ, ಆಮೇಲೆ ಜಯಸೂರ್ಯ. ನಾವು ಕಂಡ ಲಂಕೆಯಲ್ಲಿ ಇಬ್ಬರೂ ಇರಲಿಲ್ಲ. ಅಲ್ಲಿದ್ದದ್ದು ಕೆರೆ, ಗದ್ದೆ, ತೆಂಗು ಮತ್ತು ಹುಣ್ಣಿಮೆ ರಜೆ.

ನಾವು ಅಂದರೆ ವಿಜಯನಗರದ ಒಂದೇ ಮನೆಯಲ್ಲಿ ಬಾಡಿಗೆಗಿರುವ ನಾಲ್ವರು. ಒಬ್ಬ ಸವದತ್ತಿ ಕಡೆಯವ, ಒಬ್ಬ ಶಿರಾದವ, ಇಬ್ಬರು ಮಂಡ್ಯದವರು. ಕೆಂಗೇರಿಯಲ್ಲಿ ರೂಮು ಮಾಡಿಕೊಂಡು ಓದಿದ ಸಿಂಹಳ ಗೆಳೆಯನೊಬ್ಬ ನಮಗಿದ್ದಾನೆ. ಇಲ್ಲಿದ್ದಷ್ಟು ದಿನ ನಮ್ಮ ಮನೆ ಮುದ್ದೆ ಉಂಡವನು. "ಒಂದ್ಸಲ ನಮ್ಮೂರಿಗೆ ಬನ್ರೋ, ಏನೂ ನೋಡೋದು ಬೇಡ, ಸುಮ್ನೆ ಇರೋಣ" ಅಂತ ಕರೆಯುತ್ತಲೇ ಇದ್ದ. ಫೆಬ್ರುವರಿಯಲ್ಲಿ ಹೊರಟೆವು.

ವಿಜಯನಗರದಿಂದ ಮೆಟ್ರೊ, ಮೆಜೆಸ್ಟಿಕ್‌ನಿಂದ ಬಸ್ಸು. ವಿಮಾನ ನಿಲ್ದಾಣ ಮುಟ್ಟಲು ಎರಡು ತಾಸು ದಾಟಿತು. ಅಲ್ಲಿಂದ ಕೊಲಂಬೊಗೆ ಸುಮಾರು ಒಂದೂವರೆ ತಾಸು ಅಷ್ಟೇ! ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ, ನಮ್ಮ ಟೈಮೇ ಅವರದ್ದೂ. ಕೊಲಂಬೊದಿಂದ ರೈಲಿನಲ್ಲಿ ಅನುರಾಧಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಅವನ ಹಳ್ಳಿಗೆ.

ಸಿಂಹಳದಲ್ಲೂ ಅಮ್ಮ ಅಂದರೆ ಅಮ್ಮ, ಅಕ್ಕ ಅಂದರೆ ಅಕ್ಕ. ತಂಗಿಗೆ 'ನಂಗಿ' ಅನ್ನುತ್ತಾರೆ. ಅಪ್ಪನಿಗೆ ಮಾತ್ರ 'ತಾತ್ತ'. ಇನ್ನೂ ಅರವತ್ತಾಗದ ಅಪ್ಪನನ್ನು ಮಗ ತಾತ ಅನ್ನುತ್ತಾನಲ್ಲ ಅಂತ ನಕ್ಕೆವು. ಆಮೇಲೆ ನಾವೂ ಹಾಗೇ ಕರೆದೆವು.

ಬೆಳಿಗ್ಗೆ ಇಂಡಿಯಾಪ್ಪ, ಅಂದರೆ ನಮ್ಮ ಒತ್ತು ಶಾವಿಗೆ. ಜೊತೆಗೆ ಪೊಲ್ ಸಂಬೋಲ್: ತೆಂಗಿನ ತುರಿ, ಒಣಮೆಣಸಿನಕಾಯಿ, ಈರುಳ್ಳಿ, ನಿಂಬೆಹುಳಿ. ಅದಕ್ಕೆ ಒಣಮೀನಿನ ಪುಡಿ ಹಾಕುವುದುಂಟು, ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ. ಮಧ್ಯಾಹ್ನ ಅನ್ನ, ತೆಂಗಿನಹಾಲು ಹಾಕಿದ ಬೇಳೆ, ಎಳೆ ಹಲಸಿನಕಾಯಿ. ಉಂಡ ಮೇಲೆ ನಿದ್ದೆ. ಸಂಜೆ ಕೆರೆ ಏರಿ.

ಈ ಕೆರೆಗಳ ಬಗ್ಗೆ ನಮ್ಮ ಓದುಗರಿಗೆ ಹೇಳಲೇಬೇಕು. ಅನುರಾಧಪುರದ ಸೀಮೆ ಮಳೆ ಕಡಿಮೆ ಇರುವ ಸೀಮೆ, ಅಲ್ಲಿಯ ಲೆಕ್ಕದಲ್ಲಿ ನಮ್ಮ ಶಿರಾ ಇದ್ದಂತೆ. ಅದಕ್ಕೇ ಹಿಂದಿನವರು ಸರಣಿ ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು, ಗದ್ದೆಯ ಬಸಿನೀರು ಕೆಳಗಿನ ಕೆರೆಗೆ ಬರುತ್ತದೆ. ಕೆರೆಗೆ ನೀರು ಬರುವ ಕಡೆ ಗಾಳಿ ತಡೆಯಲು ಮರಗಳ ಸಾಲು, ಹೂಳು ನಿಲ್ಲಲು ಒಂದು ಸಣ್ಣ ಗುಂಡಿ. ಏರಿಯ ಹಿಂದೆ, ಗದ್ದೆ ಶುರುವಾಗುವ ಮುಂಚೆ, ಮರಗಿಡಗಳ ತುಂಡು ಜಾಗ. ಬಸಿನೀರಿನ ಉಪ್ಪಿನಂಶವನ್ನು ಆ ಗಿಡಗಳೇ ಹೀರಿಕೊಳ್ಳುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಪದ್ಧತಿಯನ್ನು ಜಗತ್ತಿನ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿದೆ. ಕೋಲಾರ, ತುಮಕೂರು ಕಡೆಯೂ ಸರಣಿ ಕೆರೆಗಳಿವೆ. ಆದರೆ ಎಷ್ಟೋ ಕಡೆ ಎರಡು ಕೆರೆಗಳ ನಡುವಿನ ರಾಜಕಾಲುವೆಯೇ ಕಾಣುವುದಿಲ್ಲ. ಶಿರಾದ ಗೆಳೆಯ ತೂಬಿನ ಹತ್ತಿರ ಬಹಳ ಹೊತ್ತು ಕೂತಿದ್ದ.

ನಾಲ್ಕನೇ ದಿನ ಹುಣ್ಣಿಮೆ. ನಮ್ಮ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆ ಜಾತ್ರೆ. ಅಲ್ಲಿ ಅದಕ್ಕೆ 'ಪೋಯ' ಅನ್ನುತ್ತಾರೆ. ವರ್ಷದ ಪ್ರತಿ ಹುಣ್ಣಿಮೆಗೂ ದೇಶಕ್ಕೇ ಸರ್ಕಾರಿ ರಜೆ, ಆ ದಿನ ಹೆಂಡ ಮಾರುವಂತಿಲ್ಲ. ಮನೆಮಂದಿ ಬಿಳಿ ಬಟ್ಟೆ ಉಟ್ಟು, ತಟ್ಟೆಯಲ್ಲಿ ಹೂ ಹಿಡಿದು ಊರ ವಿಹಾರಕ್ಕೆ ಹೊರಟರು. ನಾವೂ ಹೋಗಿ ಅರಳಿಮರದ ಕೆಳಗೆ ಕೂತೆವು. ಭತ್ತ ಕೊಯ್ಲಿಗೆ ಬಂದಿತ್ತು, ಆದರೂ ತಾತ್ತ ಗದ್ದೆ ಕಡೆ ತಲೆ ಹಾಕಲಿಲ್ಲ.

ನಮ್ಮಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ ಅಂತ ಹೇಳಿದೆವು. ಮಗ ತರ್ಜುಮೆ ಮಾಡಿದ. ತಾತ್ತ ತಲೆಯಾಡಿಸಿ, "ಎತ್ತಿಗೆ ಸೋಮವಾರ, ಸರಿ. ನಿಮಗೆ ಯಾವ ವಾರ?" ಅಂದರು. ನಮ್ಮಲ್ಲೊಬ್ಬ ಊಟ ಡೆಲಿವರಿ ಮಾಡುತ್ತಾನೆ. ಆ್ಯಪ್ ಆಫ್ ಮಾಡಿದ ದಿನ ದುಡ್ಡಿಲ್ಲ. ಅವನೇ ಉತ್ತರ ಕೊಟ್ಟ: "ಯಾವ ವಾರನೂ ಇಲ್ಲ, ತಾತ್ತ."

ಇದು ಹೊಟ್ಟೆ ತುಂಬಿದವರ ಆರಾಮ ಅಂದುಕೊಳ್ಳಬೇಡಿ. 2021ರಲ್ಲಿ ಅಲ್ಲಿಯ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು. ಕೆಲವೇ ತಿಂಗಳಲ್ಲಿ ಆದೇಶ ಹಿಂದಕ್ಕೆ ಪಡೆದರೂ ಭತ್ತದ ಇಳುವರಿ ಬಿದ್ದುಹೋಗಿತ್ತು. 2022ರಲ್ಲಿ ಪೆಟ್ರೋಲಿಗೆ, ಗ್ಯಾಸಿಗೆ ದಿನಗಟ್ಟಲೆ ಸಾಲು. ಈ ಮನೆಯಲ್ಲೂ ಸಾಲ ಇನ್ನೂ ತೀರಿಲ್ಲ. ಆ ಎರಡು ವರ್ಷವೂ ತಾತ್ತ ಹುಣ್ಣಿಮೆ ಬಿಡಲಿಲ್ಲವಂತೆ. ದಣಿದವನಿಗೇ ರಜೆ ಬೇಕಾಗುವುದು ಅನ್ನುವುದು ಅವರ ಮಾತು.

ಕೊನೆಯ ದಿನ ಅನುರಾಧಪುರದ ಮಹಾಬೋಧಿ ಮರ ನೋಡಿದೆವು. ಬುದ್ಧಗಯೆಯ ಮರದ ಕೊಂಬೆಯನ್ನು ಅಶೋಕನ ಮಗಳು ಸಂಘಮಿತ್ರೆ ತಂದಳು ಅನ್ನುತ್ತದೆ ಅಲ್ಲಿಯ ಪರಂಪರೆ. ಆಗ ಲಂಕೆಯಲ್ಲಿ ಆಳುತ್ತಿದ್ದವನು ದೇವಾನಂಪಿಯ ತಿಸ್ಸ. 'ದೇವಾನಂಪಿಯ', ಅಂದರೆ ದೇವರಿಗೆ ಪ್ರಿಯನಾದವನು, ಅಶೋಕನ ಬಿರುದೂ ಹೌದು. ಆ ಬಿರುದಿನ ಜೊತೆ ಅಶೋಕ ಅನ್ನುವ ಹೆಸರೂ ಇದ್ದ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಇದನ್ನು ಹೇಳಿದಾಗ ಗೆಳೆಯನ ಅಕ್ಕ ಫೋನಿನಲ್ಲಿ ಮಸ್ಕಿಯನ್ನು ಹುಡುಕಿ ಗುರುತು ಹಾಕಿಕೊಂಡರು.

ಮುಂದಿನ ಸಂಕ್ರಾಂತಿಗೆ ಅವರೆಲ್ಲ ಬರುತ್ತಾರೆ. ಬೆಂಗಳೂರಲ್ಲಿ ಒಂದೇ ರಾತ್ರಿ. ಆಮೇಲೆ ಶಿರಾ, ಮೊಳಕಾಲ್ಮೂರಿನ ಬ್ರಹ್ಮಗಿರಿ, ಮಸ್ಕಿ. ಆ ದಾರಿಯಲ್ಲಿ ನೀರಿರುವ ಕೆರೆ ನಿಮ್ಮೂರಲ್ಲಿದ್ದರೆ ತಿಳಿಸಿ. ತಾತ್ತನಿಗೆ ಏರಿ ಮೇಲೆ ಕೂರಲು ಜಾಗ ಬೇಕು.