ತುಂಬುಗಾಯಿಯನ್ನರಸಿ ನಾಲ್ಕು ಊರು

ಬಸವನ ಬಾಗೇವಾಡಿಯ ಸೀಮೆಯಲ್ಲಿ ಹುಟ್ಟಿ, ಮದುವೆಯಾಗಿ ಮೈಸೂರಿಗೆ ಬಂದು ಅರುವತ್ತು ವರ್ಷ ಕಳೆದ ನಮ್ಮ ಮನೆಯ ಅಜ್ಜಿಯವರು, ಕಳೆದ ಕಾರ್ತಿಕದಲ್ಲಿ ಜ್ವರದಿಂದ ಮಲಗಿ ಎದ್ದ ಮೇಲೆ ಅನ್ನದ ಆಸೆಯನ್ನೇ ಬಿಟ್ಟರು. ವೈದ್ಯರು ರೋಗವಿಲ್ಲವೆಂದರು, ಅಜ್ಜಿಯವರು ಹಸಿವಿಲ್ಲವೆಂದರು. ಒಂದು ದಿನ ಮಾತ್ರ, "ನಮ್ಮವ್ವ ಮಾಡುತ್ತಿದ್ದ ಹೀರೆಯ ತುಂಬುಗಾಯಿಯಾದರೆ ಎರಡು ತುತ್ತು ಉಂಡೇನು" ಎಂದರು. ನಾವು ಕೂಡಲೆ ಹೀರೆಕಾಯಿ ತಂದು, ಬೆಳಗ್ಗೆಯೇ ಹೂರಣ ತುಂಬಿಟ್ಟು, ಮಧ್ಯಾಹ್ನ ಕೇಕು ಸುಡುವ ವಿದ್ಯುತ್ತಿನ ಒಲೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದೆವು. ತೆಗೆದು ನೋಡಿದರೆ ಕಾಯಿ ಕುಸಿದು, ಹೂರಣವೆಲ್ಲ ಸಾರಾಗಿ ತಟ್ಟೆಯಲ್ಲಿ ತೇಲುತ್ತಿತ್ತು. ಅಜ್ಜಿಯವರು ಒಮ್ಮೆ ನೋಡಿ ಮುಖ ತಿರುಗಿಸಿದರು. ಆ ಮೌನವೇ ನಮ್ಮನ್ನು ಪ್ರಯಾಣಕ್ಕೆ ಹೊರಡಿಸಿತು.

ರೈಲಿನಿಂದ ಇಂಡಿ ರೋಡಿನಲ್ಲಿಳಿದು ಇಂಡಿಯನ್ನು ಸೇರಿದೆವು. ಇದು ಲಿಂಬೆಯ ಊರು. 2023ರಲ್ಲಿ ಇಲ್ಲಿಯ ಲಿಂಬೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ನಾವು ಉಂಡ ಮನೆಯಲ್ಲಿ ತುಂಬುಗಾಯಿಗೆ ಹುಣಿಸೆಯ ಬದಲು ಲಿಂಬೆಯನ್ನೇ ಹಿಂಡಿದ್ದರು. ರುಚಿಯೇನೋ ಸೊಗಸು, ಆದರೆ ಅಜ್ಜಿಯವರು ಹೇಳಿದ್ದ ರುಚಿ ಅದಲ್ಲ. ಸಿಂದಗಿಯಲ್ಲಿ ಬದನೆಯ ಎಣ್ಣೆಗಾಯಿ ಸಿಕ್ಕಿತು, ಹೀರೆಯದು ಸಿಕ್ಕಲಿಲ್ಲ.

ಮುಂದೆ, ಮೊದಲು ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ತಾಳಿಕೋಟೆಯ ಬಳಿ ಡೋಣಿ ನದಿಯನ್ನು ದಾಟಿದೆವು. 1565ರ ಯುದ್ಧದಿಂದ ಈ ಊರಿನ ಹೆಸರನ್ನು ಎಲ್ಲರೂ ಬಲ್ಲರು. ಡೋಣಿಯ ಎರೆಭೂಮಿಯ ಬಿಳಿಜೋಳವನ್ನಾದರೋ ಉಂಡವರೇ ಬಲ್ಲರು. ಮುದ್ದೇಬಿಹಾಳವನ್ನು ಮುಟ್ಟಿದ ದಿನ ಎಳ್ಳಮಾವಾಸ್ಯೆ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು. ಎದೆಯುದ್ದದ ಜೋಳದ ನಡುವೆ ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ದಾರಿಯಲ್ಲಿ ಹೋಗುತ್ತಿದ್ದ ನಮ್ಮನ್ನೂ ಕರೆದು ಕುಳ್ಳಿರಿಸಿದರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ತುಂಬುಗಾಯಿ! ಮಳೆ ಕಡಿಮೆಯಾದ ಈ ನಾಡಿನಲ್ಲಿ ಕಾಯಿಪಲ್ಯಕ್ಕಿಂತ ಕಾಳು ಹೆಚ್ಚು. ಒಂದೇ ಕಾಯಿಯೊಳಗೆ ಶೇಂಗಾ, ಎಳ್ಳು, ಗುರೆಳ್ಳುಗಳನ್ನು ತುಂಬಿ ನಾಲ್ಕು ಜನರ ರೊಟ್ಟಿಗೆ ಸಾಲಿಸುವ ಗೃಹಿಣಿಯ ಜಾಣ್ಮೆ ಅಲ್ಲಿ ನಮಗೆ ಅರ್ಥವಾಯಿತು.

ಬಸವನ ಬಾಗೇವಾಡಿಯಲ್ಲಿ ಬಸವೇಶ್ವರ ದೇವಾಲಯದ ದರ್ಶನ ಮಾಡಿದೆವು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದಾಗ ಈ ಊರಿನ ಅಡಿಗೆಮನೆಗಳಲ್ಲಿ ಶೇಂಗಾ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಅವೆರಡೂ ಅಮೆರಿಕಾ ಖಂಡದಿಂದ ಹಡಗು ಹತ್ತಿ ಬಂದುದು ಅನಂತರ. ಎಳ್ಳೂ ಹೀರೆಯೂ ನಮ್ಮವೇ.

ಅಜ್ಜಿಯವರ ತವರೂರನ್ನು ಮಾತ್ರ ನಾವು ನೋಡಲಿಲ್ಲ. ಮೊದಲು ಇದೇ ತಾಲ್ಲೂಕಿನಲ್ಲಿದ್ದ ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿಹೋಗಿದೆ. ದಡದಲ್ಲಿ ನಿಂತು ನೀರನ್ನಷ್ಟೇ ನೋಡಿದೆವು. ಊರವರಿಗಾಗಿ ಎತ್ತರದಲ್ಲಿ ಕಟ್ಟಿದ ಹೊಸ ಊರಿನಲ್ಲಿ ಅಜ್ಜಿಯವರ ದೂರದ ಸಂಬಂಧಿಯಾದ ಮುದುಕಿಯೊಬ್ಬರು ಸಿಕ್ಕರು. ನಮ್ಮ ಸೋಲಿನ ಕಥೆಯನ್ನು ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕರು.

"ಉಪ್ಪು ತಗಲಿದ ಹೀರೆ ಅಳುತ್ತದೆ, ಬೆಳಗ್ಗೆ ತುಂಬಿಟ್ಟರೆ ಮಧ್ಯಾಹ್ನದವರೆಗೆ ಸುಮ್ಮನಿರುವುದೆ?" ಎಂದರು. ಅವರು ತೋರಿಸಿದ ಕ್ರಮವಿದು: ಎಳೆಯ ಹೀರೆಯ ಏಣುಗಳನ್ನು ಹೆರೆದು, ಮೂರು ಬೆರಳುದ್ದ ಕತ್ತರಿಸಿ, ಬುಡ ಬಿಡದಂತೆ ನಾಲ್ಕಾಗಿ ಸೀಳತಕ್ಕದ್ದು. ಆರು ಕಾಯಿಗೆ ಒಂದು ಬಟ್ಟಲು ಹುರಿದ ಶೇಂಗಾ, ಎರಡೆರಡು ಚಮಚ ಎಳ್ಳು ಮತ್ತು ಗುರೆಳ್ಳು, ಸ್ವಲ್ಪ ಒಣಕೊಬ್ಬರಿ. ಇವನ್ನು ತರಿಯಾಗಿ ಕುಟ್ಟಬೇಕು, ನುಣ್ಣಗಾದರೆ ಅಂಟಾಗುವುದು. ಮಸಾಲೆ ಖಾರ, ಗಟ್ಟಿ ಹುಣಿಸೆಯ ರಸ, ನೆಲ್ಲಿಕಾಯಿಯಷ್ಟು ಬೆಲ್ಲ. ಉಪ್ಪನ್ನು ಕೊನೆಗೆ ಬೆರೆಸಿ, ತುಂಬಿದ ಕೂಡಲೆ ಎಣ್ಣೆ ಕಾದ ಪಾತ್ರೆಗೆ ಇಳಿಸಬೇಕು. ಒಳಕ್ಕೆ ನೀರು ಹಾಕಲಾಗದು. ಮುಚ್ಚಿದ ತಾಟಿನ ಮೇಲೆ ನೀರು ಹೊಯ್ದು ಸಣ್ಣ ಉರಿಯಲ್ಲಿಟ್ಟರೆ, ಮೇಲೇರಿದ ಹಬೆ ತಣ್ಣಗಾಗಿ ಮತ್ತೆ ಕಾಯಿಯ ಮೇಲೆಯೇ ಹನಿಯುತ್ತದೆ. ಕಾಯಿ ಬಿಟ್ಟ ರಸವನ್ನು ಶೇಂಗಾ ಕುಡಿದುಬಿಡುತ್ತದೆ.

ಮೈಸೂರಿಗೆ ಮರಳಿದ ಮರುದಿನವೇ ಹಾಗೆ ಮಾಡಿದೆವು. ಮಿಕ್ಕ ಹೂರಣವನ್ನು ತಿರುಳು ತೆಗೆದ ಸಣ್ಣ ಸಿಹಿಕುಂಬಳಕ್ಕೆ ತುಂಬಿ, ಅವಮಾನಿತವಾಗಿದ್ದ ವಿದ್ಯುತ್ತಿನ ಒಲೆಗೆ ಇನ್ನೊಂದು ಅವಕಾಶವನ್ನೂ ಕೊಟ್ಟೆವು. ಗಟ್ಟಿಕಾಯಿಯಾದುದರಿಂದ ಅದು ಚೆನ್ನಾಗಿಯೇ ಬೆಂದಿತು. ಮಕ್ಕಳು ಚಮಚದಿಂದ ಕೆರೆದು ತಿಂದರು. "ಅದು ತುಂಬುಗಾಯಿಯಲ್ಲ" ಎಂದು ಅಜ್ಜಿಯವರು ತೀರ್ಪಿತ್ತರು.

ಹೀರೆಯದನ್ನು ರೊಟ್ಟಿಯ ತುಣುಕಿನಲ್ಲಿ ಒತ್ತಿ ಬಾಯಿಗಿಟ್ಟು, ಬಹಳ ಹೊತ್ತು ಅಗಿದರು. "ಖಾರ ಸಾಲದು" ಎಂದರು. ಅನಂತರ, "ನಮ್ಮ ಊರಿನ ಮೇಲೆ ನೀರು ಎಷ್ಟಿದೆ?" ಎಂದು ಕೇಳಿದರು. ಏನು ಹೇಳುವುದೆಂದು ನಾವು ಯೋಚಿಸುತ್ತಿರುವಾಗಲೇ ತಟ್ಟೆಯನ್ನು ಮುಂದೆ ತಳ್ಳಿ ಇನ್ನೊಂದು ಕಾಯಿ ಬಡಿಸೆಂದರು.