ಬೀಗದೊಳಗಿನ ಭಂಡಾರ

ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಗಿಟುಕು ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಬೇಕೆಂಬುದನ್ನು ಅಮ್ಮಸಂದ್ರದ ಸೀಮೆಯವರಿಗೆ ಹೇಳಬೇಕಾದುದಿಲ್ಲ. ನಡುವೆ ಸಂದೇಹ ಬಂದಿತೆಂದು ಯಾರೂ ಕಾಯನ್ನು ಒಡೆದು ನೋಡುವುದಿಲ್ಲ. ಕಿವಿಯ ಬಳಿ ಹಿಡಿದು ಅಲುಗಿಸಿ ಒಳಗಿನ ಸದ್ದನ್ನು ಆಲಿಸುತ್ತಾರೆ. ಈ ವಿವೇಕವು ಯಂತ್ರಗಳ ವಿಷಯದಲ್ಲಿಯೂ ಸಲ್ಲುವುದೆಂಬುದನ್ನು, ಕಂದ ಷಟ್ಪದಿಗಳ ಪ್ರಸ್ತಾರದಲ್ಲಿಯೇ ಆಯುಷ್ಯವನ್ನು ಸವೆಸಿದ ನಾನು, ಕಳೆದ ವರ್ಷ ಕಲಿಯಬೇಕಾಯಿತು.

ನಮ್ಮ ಶಾಲೆಯ ಹಳೆಯ ಸಂಚಿಕೆಗಳು, ದಾಖಲಾತಿ ಪುಸ್ತಕಗಳು, ಭಾವಚಿತ್ರಗಳು ಇವೆಲ್ಲವುಗಳ ಪ್ರತಿಗಳನ್ನು ಒಂದು ಲಿನಕ್ಸ್ ಸರ್ವರಿನಲ್ಲಿ ಸಂಗ್ರಹಿಸಿದ್ದೆವು. ಮೂಲಗಳಲ್ಲಿ ಕೆಲವು ಅಷ್ಟರಲ್ಲಿಯೇ ಗೆದ್ದಲಿನ ಪಾಲಾಗಿದ್ದುವು. ವಿದ್ಯಾರ್ಥಿಗಳ ಮನೆಯ ವಿವರಗಳೂ ಇದ್ದುದರಿಂದ ಡಿಸ್ಕನ್ನು ಲಕ್ಸ್ ಎಂಬ ಗೂಢಲಿಪಿ ಪದ್ಧತಿಯಿಂದ ಭದ್ರಪಡಿಸಲಾಗಿತ್ತು. ಅದರ ರಹಸ್ಯವಾಕ್ಯವನ್ನು ಆರಿಸಿದವನು ನಾನು. ಎಲ್ಲಿಯಾದರೂ ಬರೆದಿಡಿರೆಂದು ತರುಣ ಸಹೋದ್ಯೋಗಿಯೊಬ್ಬರು ಹೇಳಿದಾಗ, “ವಿದ್ವತ್ ಪರೀಕ್ಷೆಗೆ ಕಾವ್ಯಗಳನ್ನೇ ಕಂಠಸ್ಥ ಮಾಡಿದವನಿಗೆ ಇದೊಂದು ಸಾಲು ಭಾರವೆ?” ಎಂದು ನಕ್ಕುಬಿಟ್ಟಿದ್ದೆ.

ಒಂದು ಸಂಜೆ ಅಪ್‌ಡೇಟ್ ನಡೆಯಿತು. ಮರುದಿನ ಯಂತ್ರ ಮೇಲೇಳಲಿಲ್ಲ. ರಹಸ್ಯವಾಕ್ಯವನ್ನು ಕೇಳುವ ಹಂತಕ್ಕೂ ಬಾರದೆ, ಕಪ್ಪು ಪರದೆಯ ಮೇಲೆ ಕೆಲವು ಸಾಲುಗಳನ್ನು ಮೂಡಿಸಿ ಸ್ತಬ್ಧವಾಯಿತು. “ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸೋಣ” ಎಂದರು ಒಬ್ಬರು. ಬೇರೆಡೆ ಪ್ರತಿಯಿಲ್ಲದ ಸಂಗ್ರಹವನ್ನು ನೆನೆದು ನನ್ನ ಎದೆ ನಡುಗಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಫೋನ್ ಮಾಡಿದೆ. ಭಾನುವಾರದ ರೈಲಿಗೆ ಬಂದಿಳಿದ ಅವನು ಮೊದಲು ಹೇಳಿದ ಮಾತು: “ಗುರುಗಳೆ, ಯಾವುದನ್ನೂ ಅಳಿಸಬೇಡಿ. ಕೆಟ್ಟಿರುವುದು ಭಂಡಾರವಲ್ಲ, ಬಾಗಿಲ ಬಳಿಯ ಜಗಲಿ ಇರಬೇಕು.”

ಅವನ ವಿವರಣೆಯ ಸಾರವಿಷ್ಟು. ಡಿಸ್ಕಿನ ಬಹುಭಾಗ ಗೂಢಲಿಪಿಯಲ್ಲಿದ್ದರೂ, ‘ಬೂಟ್’ ಎಂಬ ಚಿಕ್ಕ ಭಾಗವೊಂದು ಬೀಗವಿಲ್ಲದೆ ಇರುತ್ತದೆ. ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್ ಎಂಬ ಕಡತ ಅಲ್ಲಿರುತ್ತವೆ. ರಹಸ್ಯವಾಕ್ಯವನ್ನು ಕೇಳಿ ಬೀಗ ತೆಗೆಯುವ ದ್ವಾರಪಾಲಕನೇ ಆ ಕಡತ. ಪ್ರತಿ ಹೊಸ ಕರ್ನಲ್ಲಿಗೂ ಅದನ್ನು ಹೊಸದಾಗಿ ರಚಿಸಬೇಕು. ಹಳೆಯ ಕರ್ನಲ್ಲುಗಳು ತುಂಬಿಕೊಂಡು ಸ್ಥಳವಿಲ್ಲದಾದುದರಿಂದ ಹೊಸ ದ್ವಾರಪಾಲಕನ ರಚನೆ ಅರ್ಧಕ್ಕೇ ನಿಂತಿತ್ತು.

ಗ್ರಬ್ ಎಂಬ ಆರಂಭದ ಪಟ್ಟಿಯಿಂದ ಅವನು ಹಿಂದಿನ ಕರ್ನಲ್ಲನ್ನು ಆರಿಸಿದನು. ರಹಸ್ಯವಾಕ್ಯದ ಪ್ರಶ್ನೆ ಮೂಡಿತು. ಶಿಷ್ಯನು ಎದ್ದು ನನಗೆ ಆಸನವನ್ನು ಬಿಟ್ಟುಕೊಟ್ಟನು. ಒತ್ತಿದ ಅಕ್ಷರವೊಂದೂ ಪರದೆಯ ಮೇಲೆ ಕಾಣದು. ಮೊದಲ ಸಲ ತಪ್ಪಾಯಿತು. ಎರಡನೆಯ ಸಲವೂ ತಪ್ಪಾಯಿತು. ಕಂಠಪಾಠದ ನನ್ನ ಅಹಂಕಾರ ಆ ಕ್ಷಣದಲ್ಲಿ ಬೆವರಾಗಿ ಹರಿಯಿತು. ಕಣ್ಮುಚ್ಚಿ, ಪಾಠ ಒಪ್ಪಿಸುವ ಬಾಲಕನಂತೆ ಮೆಲ್ಲಗೆ ಉಚ್ಚರಿಸುತ್ತ ಮೂರನೆಯ ಸಲ ಒತ್ತಿದೆ. ಬಾಗಿಲು ತೆರೆಯಿತು. ಶಿಷ್ಯನು ಬೇಡದ ಕರ್ನಲ್ಲುಗಳನ್ನು ತೆಗೆದು, ಆ ಕಡತವನ್ನು ಮರಳಿ ರಚಿಸಿದನು. ಯಂತ್ರವು ಯಥಾಪ್ರಕಾರ ಎದ್ದಿತು. ಹಳೆಯ ಕರ್ನಲ್ ಏಳದಿದ್ದರೂ ಪೆನ್‌ಡ್ರೈವಿನ ಲಿನಕ್ಸಿನಿಂದ ಇದನ್ನೇ ಮಾಡಬಹುದಂತೆ. ಆದರೆ ರಹಸ್ಯವಾಕ್ಯ ಮರೆತಿದ್ದರೆ ಯಾವ ಉಪಾಯವೂ ಇಲ್ಲ.

ನನಗೆ ಸಿರಿಭೂವಲಯದ ನೆನಪಾಯಿತು. ಕುಮುದೇಂದು ಮುನಿಯ ಆ ಗ್ರಂಥದಲ್ಲಿ 27 ಅಡ್ಡಸಾಲು, 27 ಉದ್ದಸಾಲುಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಿಗಳಷ್ಟೇ ಇವೆ. ಓದುವ ಕ್ರಮವಾದ ಬಂಧವನ್ನು ಅರಿಯದವನಿಗೆ 729 ಮನೆಗಳ ಚಕ್ರವೂ ಮೂಕವೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕುಸಿದಾಗಲೂ, ಬಿಟ್‌ಲಾಕರ್ ಬೀಗವಿದ್ದ ಅನೇಕ ಯಂತ್ರಗಳನ್ನು ಸರಿಪಡಿಸಲು 48 ಅಂಕಿಗಳ ಕೀಲಿಯನ್ನು ಹುಡುಕಬೇಕಾಯಿತು.

ಲಕ್ಸ್ ಬೀಗಕ್ಕೆ ಒಂದಕ್ಕಿಂತ ಹೆಚ್ಚು ಕೀಲಿಗಳಿರಬಹುದು. ಮೊದಲ ಆವೃತ್ತಿಯಲ್ಲಿಯೇ 8ಕ್ಕೆ ಅವಕಾಶವಿತ್ತು. ಈಗ ಮುಖ್ಯೋಪಾಧ್ಯಾಯರ ಬಳಿ ಎರಡನೆಯ ಕೀಲಿಯಿದೆ; ನನ್ನದು ಮೊಹರು ಮಾಡಿದ ಲಕೋಟೆಯಲ್ಲಿ ಬೀರುವನ್ನು ಸೇರಿದೆ. ಕೀಲಿಗಳ ವಿವರವಿರುವ ಡಿಸ್ಕಿನ ಶಿರೋಭಾಗ ಕೆಟ್ಟರೆ ಸರಿಯಾದ ವಾಕ್ಯವೂ ವ್ಯರ್ಥ. ಆದುದರಿಂದ ಅದರ ಪ್ರತಿಯೂ ಇಡೀ ಸಂಗ್ರಹದ ಪ್ರತಿಯೂ ಬೇರೆಡೆ ಇವೆ. ಅಪ್‌ಡೇಟಿಗೆ ಮೊದಲು ಜಗಲಿಯಲ್ಲಿ ಸ್ಥಳವಿದೆಯೆ ಎಂದು ನೋಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.

ಶಿಷ್ಯನನ್ನು ಬೀಳ್ಕೊಡಲು ನಿಲ್ದಾಣಕ್ಕೆ ಹೋಗಿದ್ದೆ. “ನೀವು ಪಾಠವನ್ನು ಎರಡು ಸಲ ತಪ್ಪಿದ್ದನ್ನು ಯಾರಿಗೂ ಹೇಳುವುದಿಲ್ಲ, ಗುರುಗಳೆ” ಎಂದು ನಕ್ಕನು. ಅವನು ಹೇಳದಿದ್ದುದನ್ನು ನಾನೇ ಇಲ್ಲಿ ಬರೆದಿದ್ದೇನೆ.