ಸೂಟಿ ಮುಗಿದ ಮೇಲೆ

ಏಪ್ರಿಲ್ 10ನೆಯ ತಾರೀಖು ಎಂದೊಡನೆ ನಿಮಗೇನು ನೆನಪಾಗುತ್ತದೆ ಹೇಳಿ? ನಮ್ಮ ಧಾರವಾಡ ಕಡೆಯವರಿಗಂತೂ ಬಿಡಿಸಿ ಹೇಳಬೇಕಾಗಿಲ್ಲ. ಪಾಸು-ನಪಾಸು ಹೇಳುವ ದಿನ! ಹಿಂದಿನ ರಾತ್ರಿ ದೇವರಿಗೆ ಹರಕೆ, ಬೆಳಿಗ್ಗೆ ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಎದೆಯಲ್ಲಿ ಡವಡವ. ಮಾಸ್ತರರು ಹೆಸರು ಕೂಗಿ "ಪಾಸ್" ಎಂದರೋ ಇಲ್ಲವೋ, ಮನೆಗೆ ಓಡಿದ್ದೇ ಓಡಿದ್ದು. ಅಲ್ಲಿಂದ ಮೇ ತಿಂಗಳ ಕೊನೆಯವರೆಗೆ ಸೂಟಿ. ರಜೆ ಎಂಬುದು ಪುಸ್ತಕದ ಮಾತು. ನಮ್ಮ ಬಾಯಲ್ಲಿ ಅದು ಸೂಟಿಯೇ.

ಸೂಟಿಗೆ ಎಲ್ಲಿಗೆ ಹೋಗುವುದೆಂದು ಆಗ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಊಟಿ, ಕೊಡೈಕನಾಲ್ ಎಲ್ಲ ಸಿನೆಮಾದವರಿಗೆ. ಹುಬ್ಬಳ್ಳಿಯ ಬಾಡಿಗೆ ಮನೆಯ ಮಕ್ಕಳಾದ ನಮಗೆ ಅಜ್ಜನ ಮನೆ ರೋಣ, ಅತ್ತಿ ಮನೆ ನರಗುಂದ, ಚಿಗವ್ವನ ಮನೆ ಗಜೇಂದ್ರಗಡ. ಈಗ ಮೂರೂ ಗದಗ ಜಿಲ್ಲೆಯ ತಾಲೂಕು ಊರುಗಳು. ನಾನು ಹೇಳುತ್ತಿರುವ 1970ರ ದಶಕದಲ್ಲಿ ಗದಗ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1997ರಲ್ಲಿ. ಆಗ ಎಲ್ಲವೂ ಧಾರವಾಡ ಜಿಲ್ಲೆ. ಗಜೇಂದ್ರಗಡವಂತೂ ರೋಣ ತಾಲೂಕಿಗೆ ಸೇರಿದ ಒಂದು ಪೇಟೆಯ ಊರು.

ಬೇಸಿಗೆಯಲ್ಲಿ ಈ ಸೀಮೆ ನೋಡಲು ಬಲು ಚೆಂದ ಎಂದು ನಿಮಗೆ ಸುಳ್ಳು ಹೇಳಲಾರೆ. ಜೋಳ, ಕಡಲೆ, ಕುಸುಬೆ ತೆಗೆದ ಎರೆ ಹೊಲಗಳು ಬಾಯಿ ಬಿಟ್ಟುಕೊಂಡು ಮಲಗಿರುತ್ತವೆ. ಬಿರುಕಿನಲ್ಲಿ ಕೋಲು ಇಳಿಬಿಟ್ಟರೆ ಮೊಳದುದ್ದ ಒಳಗೆ ಹೋದೀತು. ಮಧ್ಯಾಹ್ನ ಬೀಸುವ ಗಾಳಿ ಒಲೆಯ ಮುಂದೆ ಕೂತ ಹಾಗೆ. ಆದರೂ ಗದಗಿನಲ್ಲಿ ರೈಲು ಇಳಿದು ರೋಣದ ಕೆಂಪು ಬಸ್ಸು ಹತ್ತಿದೆವೆಂದರೆ ನಮಗೆ ಸ್ವರ್ಗ ಮೂರೇ ಗೇಣು.

ಬಸ್ಸಿನಲ್ಲೇ ಒಂದು ಚಮತ್ಕಾರ ನಡೆಯುತ್ತಿತ್ತು. ಹುಬ್ಬಳ್ಳಿಯಲ್ಲಿ ಸದಾ ಸೆರಗು ಸಾವರಿಸಿಕೊಂಡು ಮೆಲ್ಲಗೆ ಮಾತಾಡುವ ನಮ್ಮವ್ವ, ಊರು ಸಮೀಪಿಸಿದಂತೆ ದನಿ ಎತ್ತರಿಸಿ ನಗಲು ಶುರುಮಾಡುತ್ತಿದ್ದಳು. ಅಜ್ಜನ ಮನೆ ಹೊಸ್ತಿಲು ದಾಟಿದ ಮೇಲೆ ಅವಳು ಯಾರ ಸೊಸೆಯೂ ಅಲ್ಲ. ಆಯಿ ಬಿಸಿ ರೊಟ್ಟಿಯ ಮೇಲೆ ಕೆನೆಮೊಸರು ಹಾಕಿ "ಉಣ್ಣವಾ" ಎಂದು ಮುಂದೆ ಕೂತರೆ, ಅವ್ವ ಮಗುವಿನ ಹಾಗೆ ಉಣ್ಣುತ್ತಿದ್ದಳು. ನಮ್ಮ ಸೂಟಿ ಎಂದು ನಾವು ಕುಣಿಯುತ್ತಿದ್ದೆವಲ್ಲ, ವರ್ಷಕ್ಕೊಮ್ಮೆ ಅವಳಿಗೆ ಸಿಗುತ್ತಿದ್ದ ಸೂಟಿಯೂ ಅದೊಂದೇ. ನಿಮ್ಮ ತಾಯಿಯನ್ನು ನೆನೆಸಿಕೊಂಡು ನೋಡಿ, ಇದೇ ಕಥೆಯಲ್ಲವೇ?

ಸೂಟಿ ಎಂದರೂ ಹೆಂಗಸರ ಕೈ ಸುಮ್ಮನಿರುತ್ತಿರಲಿಲ್ಲವೆನ್ನಿ. ಬಿಸಿಲು ಕಂಡರೆ ಹಪ್ಪಳ, ಸಂಡಿಗೆ, ವರ್ಷದ ಖಾರ. ಎಲ್ಲಕ್ಕೂ ದೊಡ್ಡ ಸಂಭ್ರಮ ಶಾವಿಗೆಯದು. ಗೋಧಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಕುಟ್ಟಿ ಕುಟ್ಟಿ ಮಿದು ಮಾಡಿ, ಗೆರೆ ಕೊರೆದ ಉದ್ದನೆಯ ಶಾವಿಗೆ ಮಣೆಯನ್ನು ಓರೆಯಾಗಿ ನಿಲ್ಲಿಸಿಕೊಂಡು ಒಬ್ಬಳು ಅಂಗೈಯಿಂದ ಹೊಸೆಯುವಳು. ಕೆಳಗೆ ಇನ್ನೊಬ್ಬಳು ಎಳೆ ಹರಿಯದಂತೆ ಹಿಡಿದು ಕೋಲಿನ ಮೇಲೆ ಇಳಿಬಿಡುವಳು. ಓಣಿಯ ಹೆಣ್ಣುಮಕ್ಕಳೆಲ್ಲ ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಎಳೆ ಇಳಿದ ಹಾಗೆ ಮಾತೂ ಇಳಿಯುತ್ತಿತ್ತು. ಯಾರ ಮಗಳಿಗೆ ವರ ಬಂತು, ಯಾರ ಹುಡುಗಿಯನ್ನು ಸಾಲಿ ಬಿಡಿಸಿದರು ಎಂಬ ಸುದ್ದಿಯೆಲ್ಲ ನಾವು ಕೇಳಿಸಿಕೊಂಡದ್ದು ಆ ಕೋಲುಗಳ ಕೆಳಗೆ ಕೂತು, ಹಸಿ ಶಾವಿಗೆ ಕದ್ದು ತಿನ್ನುತ್ತಲೇ.

ದ್ರೋಣಾಚಾರ್ಯರ ಊರು ದ್ರೋಣಪುರ, ಅದೇ ರೋಣ ಆಯಿತೆಂದು ಹಿರಿಯರು ಹೇಳುತ್ತಿದ್ದರು. ಪಂಡಿತ ಭೀಮಸೇನ ಜೋಶಿಯವರು 1922ರ ಫೆಬ್ರುವರಿ 4ರಂದು ಹುಟ್ಟಿದ್ದೂ ಈ ಊರಲ್ಲೇ. ಅವರು ಮಾಸ್ತರರ ಮಗ. 1933ರಲ್ಲಿ, ಹನ್ನೊಂದು ವರ್ಷದ ಹುಡುಗ, ಹಾಡು ಕಲಿಸುವ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. 2008ರಲ್ಲಿ ಅವರಿಗೆ ಭಾರತರತ್ನವೇ ಬಂತು. ಮಾಮಾನ ಗಂಡುಮಕ್ಕಳು ಜೂನ್ ಬಂದಾಗ ಸಾಲಿಗೆ ಹೋಗಲು ಹಟ ಮಾಡಿದರೆ ಅಜ್ಜ ನಗುತ್ತಿದ್ದ: "ಓಡಿ ಹೋದ್ರ ಭೀಮಣ್ಣನ ಹಂಗ ಓಡಿ ಹೋಗ್ರಿ, ಇಲ್ಲಾಂದ್ರ ಸುಮ್ಮನ ಪಾಟಿಚೀಲಾ ತಗೋರಿ." ನಾವು ಹುಡುಗಿಯರೂ ನಗುತ್ತಿದ್ದೆವು. ಶಾಲೆ ಬಿಟ್ಟು ಓಡುವ ಹುಡುಗಿಯ ಕಥೆ ಮಾತ್ರ ಯಾರೂ ಹೇಳಲಿಲ್ಲ. ಹುಡುಗಿ ಶಾಲೆ ಬಿಡುವುದಿಲ್ಲವಲ್ಲ, ಅವಳನ್ನು ಬಿಡಿಸುತ್ತಾರೆ.

ರೋಣದಲ್ಲಿ ಹದಿನೈದು ದಿನ ಕಳೆದ ಮೇಲೆ ನರಗುಂದಕ್ಕೆ ಪಯಣ. ಅತ್ತಿ ಮನೆ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿದರೆ ಎದುರಿಗೆ ಕೋಟೆಯ ಗುಡ್ಡ ಕರ‍್ರಗೆ ಕಾಣುತ್ತಿತ್ತು. ಅತ್ತಿ ಬಾಬಾಸಾಹೇಬರ ಕಥೆ ತೆಗೆಯುತ್ತಿದ್ದಳು. ನರಗುಂದದ ದೊರೆ ಭಾಸ್ಕರರಾವ್ ಭಾವೆಗೆ ಗಂಡು ಸಂತಾನವಿಲ್ಲದಾಗ ದತ್ತಕಕ್ಕೆ ಇಂಗ್ರಜಿಯವರು ಒಪ್ಪಲಿಲ್ಲ. 1858ರ ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ತಲೆ ಹೋಯಿತು. ಜೂನ್ ಆರಂಭದಲ್ಲಿ ಕೋಟೆ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ದೊರೆಯನ್ನು ಗಲ್ಲಿಗೇರಿಸಿದರು. ಸರಿಯಾಗಿ ನಮ್ಮ ಸೂಟಿ ಮುಗಿದು ಸಾಲಿ ತೆರೆಯುವ ದಿನಗಳು! ದೊರೆಯ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರೆಂದು ಹೇಳುವಾಗ ಅತ್ತಿಯ ದನಿ ಇಳಿಯುತ್ತಿತ್ತು. ನಮ್ಮ ಪಾಠದಲ್ಲಿ ದೊರೆಯ ಹೆಸರಿತ್ತು. ಆ ಇಬ್ಬರು ಹೆಣ್ಣುಮಕ್ಕಳ ಸಂಗತಿ ನನಗೆ ಸಿಕ್ಕಿದ್ದು ಮಾಳಿಗೆಯ ಮೇಲೆ ಮಾತ್ರ.

ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಆದ ಹೊಸತು. ಮಲಪ್ರಭೆಯ ನೀರು ಕಾಲುವೆಯಲ್ಲಿ ಹೊಲಕ್ಕೆ ಬರುತ್ತದೆ, ಇನ್ನು ಕಷ್ಟ ತೀರಿತು ಎಂದು ಎಲ್ಲರ ಬಾಯಲ್ಲೂ ಒಂದೇ ಮಾತು. ಆದರೆ ನೀರು ಎಲ್ಲರ ಹೊಲ ಮುಟ್ಟುವ ಮೊದಲೇ ಕರದ ನೋಟೀಸು ಮುಟ್ಟಿತೆಂದು ರೈತರು ಸಿಟ್ಟಿಗೆದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ಜೀವ ಹೋದದ್ದನ್ನು ನಾಡೆಲ್ಲ ಬಲ್ಲದು. ಇದನ್ನೇಕೆ ಇಲ್ಲಿ ಹೇಳುತ್ತೇನೆಂದರೆ, ಹೊಲದ ಲೆಕ್ಕ ತಪ್ಪಿದ ವರ್ಷ ಮೊದಲು ಕತ್ತರಿ ಬೀಳುವುದು ಮನೆಯ ಹುಡುಗಿಯ ಪಾಟಿಚೀಲಕ್ಕೆ.

ಸೂಟಿಯ ಕೊನೆಯ ವಾರ ಗಜೇಂದ್ರಗಡದ್ದು. ಮೇಲೆ ಗುಡ್ಡದ ಕೋಟೆ, ಕೆಳಗೆ ಮಗ್ಗದ ಸದ್ದು. ಗುಡ್ಡದ ಮಗ್ಗುಲಲ್ಲಿ ಕಾಲಕಾಲೇಶ್ವರನ ಗುಡಿ. ಊರ ಬಾವಿಗಳ ತಳ ಕಾಣುವ ಮೇ ತಿಂಗಳಲ್ಲೂ ಅಲ್ಲಿ ಅಂತರಗಂಗೆ ಹನಿಯುತ್ತಿರುತ್ತದೆ. ಬೊಗಸೆ ಒಡ್ಡಿ ಕುಡಿದರೆ ಆ ತಂಪು ಹೊಟ್ಟೆಗೆ ಇಳಿಯುವುದು ಗೊತ್ತಾಗುತ್ತದೆ. ಈ ಊರಿನ 'ಪಟ್ಟೇದ ಅಂಚು' ಸೀರೆಯನ್ನು ನೀವು ಕೇಳಿರಬಹುದು. ಚೌಕಳಿ ಒಡಲು, ಒಪ್ಪುವ ಅಂಚು, ಎರಡು ಮಗ್ಗುಲಲ್ಲೂ ಉಡಬಹುದಾದ ಗಟ್ಟಿ ಹತ್ತಿ ಸೀರೆ. ಸವದತ್ತಿ ಎಲ್ಲಮ್ಮನಿಗೆ ಏರಿಸುವ ಸೀರೆ. ನಡುವೆ ಮರೆತೇ ಹೋಗಿತ್ತು, ಈಚಿನ ವರ್ಷಗಳಲ್ಲಿ ಮತ್ತೆ ನೇಯಿಸಿ ಉಡುವವರಾಗಿದ್ದಾರೆ.

ಚಿಗವ್ವನ ಪಕ್ಕದ ಮನೆ ನೇಕಾರರದು. ಆ ಮನೆಯ ಹುಡುಗಿ ನನ್ನ ವಾರಿಗೆಯವಳು. ಕಂಡಿಕೆ ಸುತ್ತುತ್ತ ರಾಟಿಯ ಸದ್ದಿಗೆ ಸರಿಯಾಗಿ ಇಪ್ಪತ್ತೊಂಬತ್ತರ ಮಗ್ಗಿ ಒಪ್ಪಿಸುವವಳು! ನಾನು ಹತ್ತೊಂಬತ್ತರಲ್ಲೇ ಮುಗ್ಗರಿಸುತ್ತಿದ್ದೆ. ಇಬ್ಬರೂ ಏಳನೆಯ ಇಯತ್ತೆ ಪಾಸಾದ ವರ್ಷ ನಾನು ಎಂದಿನಂತೆ ಹೊಸ ಪುಸ್ತಕದ ಮಾತು ತೆಗೆದೆ. ಆಕೆ ತಲೆ ಎತ್ತಲಿಲ್ಲ. ಒಳಗಿನಿಂದ ಅವರವ್ವ ಚಿಗವ್ವನಿಗೆ ಹೇಳುತ್ತಿದ್ದಳು: "ಈ ಸಲ ಬಿಡಿಸೀವ್ರೀ ಅಕ್ಕಾರ. ಮಗ್ಗಕ್ಕ ಕೈ ಸಾಲೂದಿಲ್ಲ. ಹಿಂದ ಎರಡು ಸಣ್ಣವು ಅದಾವು. ಕಲ್ತು ಏನ್ ಮಾಡೂದದ?" ಆ ತಾಯಿಯ ಮೇಲೆ ಸಿಟ್ಟು ಬರಲು ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ಹೇಳುವಾಗ ಅವಳ ಕಣ್ಣೂ ಒದ್ದೆಯಾಗಿದ್ದವು.

ರೋಹಿಣಿ ಮಳೆಯ ಮೊದಲ ದೊಡ್ಡ ಹನಿಗಳು ಬಿದ್ದು ಎರೆ ಮಣ್ಣಿನ ವಾಸನೆ ಎದ್ದಿತೆಂದರೆ ಸೂಟಿ ಮುಗಿಯಿತೆಂದೇ ಲೆಕ್ಕ. ರೋಣಕ್ಕೆ ಮರಳಿ, ಅಲ್ಲಿಂದ ಹುಬ್ಬಳ್ಳಿಗೆ. ಹೊರಡುವ ದಿನ ಆಯಿ ಅವ್ವನಿಗೆ ಗುಳೇದಗುಡ್ಡದ ಖಣ ಇಟ್ಟು ಉಡಿ ತುಂಬುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿಯ ಬುತ್ತಿ, ಮೇಲೆ ಶಾವಿಗೆಯ ಗಂಟು. ಬಸ್ಸು ಹೊರಳಿದೊಡನೆ ಅವ್ವನ ದನಿ ಮತ್ತೆ ಸಣ್ಣದಾಗುತ್ತಿತ್ತು.

ಊರಿಗೆ ಬಂದ ಮೇಲೆ ಅರ್ಧ ಬೆಲೆಗೆ ತಂದ ಹಳೆಯ ಪುಸ್ತಕಗಳಿಗೆ 'ಸಂಯುಕ್ತ ಕರ್ನಾಟಕ'ದ ಹಾಳೆಯ ರಟ್ಟು ಹಾಕುವ ಸಡಗರ. ಕಾರಹುಣ್ಣಿಮೆಗೆ ಬಣ್ಣ ಬಳಿದುಕೊಂಡ ಎತ್ತುಗಳ ಓಟ, ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕೈಗೆ ಮೆತ್ತಿದ ಮಣ್ಣು ತೊಳೆದುಕೊಂಡು ಸಾಲಿಗೆ ಓಡುತ್ತಿದ್ದೆವು. ಆ ವರ್ಷ ಎಂಟನೆಯ ಇಯತ್ತೆಯ ಬೆಂಚಿನ ಮೇಲೆ ಕೂತಾಗ ನಮ್ಮ ತರಗತಿಯಲ್ಲೂ ಐದಾರು ಹುಡುಗಿಯರ ಜಾಗ ಖಾಲಿ. ಯಾರೂ ಕೇಳಲಿಲ್ಲ. ಹಾಜರಿಯಲ್ಲಿ ಹೆಸರೇ ಇಲ್ಲದ ಮೇಲೆ ಕೂಗುವವರಾರು?

ಮುಂದೆ ಎಷ್ಟೋ ವರ್ಷಗಳ ಮೇಲೆ ಕಾಲಕಾಲೇಶ್ವರನ ಮೆಟ್ಟಿಲ ಹತ್ತಿರ ಆ ಗೆಳತಿ ಸಿಕ್ಕಳು. ನನ್ನ ಹಾಗೆ ಅವಳದೂ ತಲೆ ನರೆತಿದೆ. ಕೈ ಹಿಡಿದುಕೊಂಡು ನಕ್ಕಳು. "ನೀ ಸೂಟಿ ಮುಗಿಸಿ ಹೋದಿ. ನಂದು ಆವತ್ತ ಸುರು ಆದ ಸೂಟಿ ಇನ್ನೂ ಮುಗದಿಲ್ಲ ನೋಡವಾ" ಎಂದಳು. ಅವಳ ಮೊಮ್ಮಗಳು ಈಗ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳಂತೆ. "ಸೂಟಿ ಮುಗದ ದಿನಾ ನಾನs ಹೋಗಿ ಬಸ್ಸಿಗೆ ಹತ್ತಿಸಿ ಬರ್ತೀನಿ. ಬ್ಯಾರೆ ಯಾರನ್ನೂ ನಂಬೂದಿಲ್ಲ" ಎಂದು ಸೇರಿಸಿದಳು.

ಕಾಲ ಬದಲಾಗಿದೆ, ಇಲ್ಲವೆನ್ನಲಾರೆ. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಬಂತು. 2006-07ರಲ್ಲಿ ಹೈಸ್ಕೂಲು ಸೇರುವ ಹುಡುಗಿಯರಿಗೆ ಸರಕಾರ ಸೈಕಲ್ ಕೊಡಲು ಆರಂಭಿಸಿದಾಗ ಎರೆ ಹಾದಿಗಳಲ್ಲಿ ಗಂಟೆ ಬಾರಿಸುತ್ತ ಹೋಗುವ ಹುಡುಗಿಯರನ್ನು ಕಂಡು ಮನಸ್ಸು ತುಂಬಿತ್ತು. 2010ರಿಂದ 14 ವರ್ಷದವರೆಗೆ ಶಿಕ್ಷಣ ಮಕ್ಕಳ ಹಕ್ಕೇ ಆಯಿತು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲದ್ದರಿಂದ ತವರಿಗೆ ಹೋಗಲು ಗಂಡನ ಕಿಸೆ ನೋಡಬೇಕಾಗಿಲ್ಲ. ನಮ್ಮವ್ವ ಇದ್ದಿದ್ದರೆ ಸೂಟಿಗೆ ಕಾಯುತ್ತಲೇ ಇರಲಿಲ್ಲವೇನೋ!

ಆದರೂ ಸೋದರಿಯರೇ, ಬೇಸಿಗೆಯೇ ಮದುವೆಯ ಕಾಲ. ಕಾನೂನಿನ ಪ್ರಕಾರ ಹುಡುಗಿಗೆ 18 ತುಂಬಬೇಕೆಂದು ಎಲ್ಲರೂ ಬಲ್ಲರು. ಸೂಟಿಯಲ್ಲಿ ಕಾರ್ಯ ಮುಗಿಸಿಬಿಟ್ಟರೆ ಶಾಲೆಯವರಿಗೆ ಗೊತ್ತಾಗುವುದು ಜೂನಿನಲ್ಲಿ ತಾನೇ ಎಂಬ ಜಾಣತನವೂ ಕೆಲವರಿಗಿದೆ. ಮಳೆ ಕೈಕೊಟ್ಟ ವರ್ಷ ಈ ಸೀಮೆಯಿಂದ ಗೋವಾ, ಮಂಗಳೂರು ಕಡೆ ಗುಳೇ ಹೋದವರ ಮಕ್ಕಳು ಶಾಲೆ ತೆರೆದಾಗ ಊರಲ್ಲೇ ಇರುವುದಿಲ್ಲ. ತಂಗಿ-ತಮ್ಮಂದಿರನ್ನು ನೋಡಿಕೊಳ್ಳಲು ಜೊತೆಗೆ ಹೋದವಳು ಹೆಚ್ಚಾಗಿ ಮನೆಯ ಹಿರಿಯ ಮಗಳೇ.

ಆದ್ದರಿಂದ ಒಂದು ಮಾತು. ಮೇ ತಿಂಗಳ ಕೊನೆಗೆ ನೀವು ಹೇಗೂ ಮಕ್ಕಳ ಸಮವಸ್ತ್ರ, ಚೀಲ, ಛತ್ರಿ ಹೊಂದಿಸುತ್ತೀರಿ. ಅದೇ ವಾರ ನಿಮ್ಮ ಓಣಿಯಲ್ಲಿ, ನಿಮ್ಮ ಮನೆಗೆಲಸಕ್ಕೆ ಬರುವಾಕೆಯ ಮನೆಯಲ್ಲಿ, ನಿಮ್ಮ ನೆಂಟರಲ್ಲಿ ಒಂದು ಪ್ರಶ್ನೆ ಕೇಳಿ: "ನಿಮ್ಮ ಹುಡುಗಿ ಈ ವರ್ಷ ಎಷ್ಟನೆಯ ಇಯತ್ತೆ?" ಉತ್ತರ ತಡವರಿಸಿದರೆ ಅಲ್ಲೇ ಕೂತು ಮಾತಾಡಿ. ದುಡ್ಡಿನ ಅಡಚಣೆಯೇ, ದೂರವೇ, ಜೊತೆಯಿಲ್ಲವೆಂಬ ಹೆದರಿಕೆಯೇ ತಿಳಿದುಕೊಳ್ಳಿ. ಹಾಸ್ಟೆಲು, ಹೆಣ್ಣುಮಕ್ಕಳ ಕಸ್ತೂರಬಾ ವಸತಿ ಶಾಲೆಗಳ ವಿಚಾರವನ್ನು ಮಾಸ್ತರರಿಂದ, ಅಕ್ಕೋರಿಂದ ಕೇಳಿ ತಿಳಿಸಿ. ಸಣ್ಣ ಹುಡುಗಿಯ ಮದುವೆಯ ಸುಳಿವು ಸಿಕ್ಕರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಫೋನು ಮಾಡಿ. ಹಣ ಬೇಕಾಗಿಲ್ಲ, ಹೆಸರು ಹೇಳಲೇಬೇಕೆಂದೂ ಇಲ್ಲ.

ಮತ್ತೆ ಈ ಸಲದ ಸೂಟಿಗೆ ಮಕ್ಕಳನ್ನು ಅಜ್ಜಿಯ ಊರಿಗೆ ಕರೆದೊಯ್ಯಿರಿ. ಬಿಸಿಲು ಇರಲಿ, ಧೂಳು ಇರಲಿ, ಮಾಳಿಗೆಯ ಮೇಲೆ ಮಲಗಿಸಿ, ಶಾವಿಗೆ ಮಣೆ ಅಟ್ಟದ ಮೇಲಿದ್ದರೆ ಇಳಿಸಿ ತೋರಿಸಿ. ಮರಳುವಾಗ ಅಲ್ಲಿಯ ಅವರ ಗೆಳತಿಯರೂ ಸಾಲಿಗೆ ಹೊರಟಿದ್ದಾರೆಯೇ ಎಂದು ಕೇಳಿಕೊಂಡು ಬನ್ನಿ.